ಗೋಡೆಯ ಕಂಬಳಿಹುಳು ತಿನ್ನುವುದು ಕಲ್ಲುಹೂವನ್ನು, ಗಿಡವನ್ನಲ್ಲ

ಮಾನ್ಯ ಸಂಪಾದಕರೇ,

ಮಳೆಯ ಅಬ್ಬರ ಇಳಿದ ಮೇಲೆ ಮಲೆನಾಡಿನ ಊರುಗಳ ಕಾಂಪೌಂಡ್ ಗೋಡೆಗಳಲ್ಲಿ ಗುಂಪುಗುಂಪಾಗಿ ಕಾಣಿಸಿಕೊಳ್ಳುವ ಕಂಬಳಿಹುಳುಗಳ ಬಗ್ಗೆ ಕಳೆದ ವಾರ ತಮ್ಮ ಪತ್ರಿಕೆಯಲ್ಲಿ ಬಂದ ಸುದ್ದಿಯನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ಆ ಹುಳುಗಳು ಹೂಗಿಡಗಳನ್ನೂ ತೋಟಗಳನ್ನೂ ಮುಗಿಸುವ ಮೊದಲೇ ಔಷಧಿ ಹೊಡೆಸಬೇಕೆಂದು ನಿವಾಸಿಗಳು ಒತ್ತಾಯಿಸಿರುವುದಾಗಿ ಸುದ್ದಿಯಲ್ಲಿತ್ತು. ವಿಷಕ್ಕೆ ‘ಔಷಧಿ’ ಎನ್ನುವ ರೂಢಿ ನಮ್ಮಲ್ಲಿ ಬಹಳ ಹಳೆಯದು, ಅದನ್ನು ತಿದ್ದುವ ಆಸೆ ನನಗಿಲ್ಲ. ಆದರೆ ಆ ಹುಳು ಗಿಡವನ್ನು ತಿನ್ನುತ್ತದೆ ಎಂಬ ಮಾತನ್ನು ತಿದ್ದದೆ ವಿಧಿಯಿಲ್ಲ, ಏಕೆಂದರೆ ಉಳಿದ ತಪ್ಪುಗಳೆಲ್ಲ ಹುಟ್ಟುವುದು ಅಲ್ಲಿಂದಲೇ.

ನಮ್ಮ ಕಡೆ ಒದ್ದೆ ಗೋಡೆಗಳ ಮೇಲೆ ಹೀಗೆ ಹಿಂಡುಗಟ್ಟುವ ಹುಳು ಬಹುಮಟ್ಟಿಗೆ ‘ನೆಪಿಟಾ ಕಾನ್ಫರ್ಟಾ’ ಎಂಬ ಪತಂಗದ ಮರಿ. ಭಾರತ ಮತ್ತು ಶ್ರೀಲಂಕಾದಲ್ಲಿ ಕಾಣಸಿಗುವ ಈ ಪತಂಗವನ್ನು 1854ರಲ್ಲಿ ಫ್ರಾನ್ಸಿಸ್ ವಾಕರ್ ಎಂಬ ಇಂಗ್ಲಿಷ್ ಕೀಟತಜ್ಞರು ಮೊದಲು ವಿವರಿಸಿ ಹೆಸರಿಟ್ಟರು. ಹುಳು ಕಪ್ಪು ಬೂದುಬಣ್ಣದ್ದಾಗಿ, ಮೈತುಂಬ ಕೂದಲು ಹೊತ್ತು, ನೋಡುವವರಿಗೆ ಅಸಹ್ಯ ಹುಟ್ಟಿಸುವಂತಿದ್ದರೂ ಅದರಿಂದ ಹೊರಬರುವ ಪತಂಗಕ್ಕೆ ಕಿತ್ತಳೆ ಹಳದಿ ರೆಕ್ಕೆಗಳೂ ಅವುಗಳ ಮೇಲೆ ಕಪ್ಪು ಪಟ್ಟೆಗಳೂ ಇರುತ್ತವೆ. ಒಂದೇ ಗೋಡೆಯ ಮೇಲೆ ಒಂದು ತಿಂಗಳು ಹುಳುವಿಗೆ ಬೈದು, ಮುಂದಿನ ತಿಂಗಳು ಅದೇ ಜೀವದ ಫೋಟೊ ತೆಗೆದು ‘ಎಷ್ಟು ಚಂದದ ಚಿಟ್ಟೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹಂಚುವವರನ್ನು ನಾನು ನೋಡಿದ್ದೇನೆ. ಅದು ಚಿಟ್ಟೆಯಲ್ಲ, ಪತಂಗ ಎಂದು ಹೇಳಲು ಹೋಗಿ ಒಂದೆರಡು ಸ್ನೇಹಗಳನ್ನು ಕಳೆದುಕೊಂಡಿದ್ದೂ ಉಂಟು.

ಈ ಹುಳುವಿನ ಆಹಾರ ಗೋಡೆಯ ಮೇಲೆ ಬೆಳೆಯುವ ಪಾಚಿ ಮತ್ತು ಕಲ್ಲುಹೂವು. ಕಲ್ಲುಹೂವು ಎಂದೊಡನೆ ಅನೇಕ ಓದುಗರಿಗೆ ಅಡುಗೆಮನೆಯ ಮಸಾಲೆ ಡಬ್ಬಿ ನೆನಪಾಗಬಹುದು. ಪಲಾವಿಗೂ ಮಸಾಲೆಪುಡಿಗೂ ಹಾಕುವ, ಒಣಗಿದ ಎಲೆಯ ಚೂರಿನಂತೆ ಒಂದು ಮುಖ ಕಪ್ಪು, ಇನ್ನೊಂದು ಮುಖ ಬೂದುಬಿಳಿಯಾಗಿರುವ ಆ ವಸ್ತುವೂ ಪಠ್ಯಪುಸ್ತಕಗಳು ಲೈಕೆನ್ ಎಂದು ಕರೆಯುವ ಇದೇ ಬಳಗಕ್ಕೆ ಸೇರಿದ್ದು. ಅಡಿಕೆ ಮರದ ಕಾಂಡದ ಮೇಲೆ ಸುಣ್ಣ ಚಿಮುಕಿಸಿದಂತೆ ಹರಡಿರುವ ಬಿಳಿ ಮಚ್ಚೆಗಳು, ಹಳೆಯ ಗುಡಿಯ ಕಲ್ಲಿಗೆ ಬೂದು ಹಸಿರು ಬಣ್ಣ ಕೊಡುವ ಹೊಪ್ಪಳೆಗಳು, ಘಟ್ಟದ ಮೇಲಿನ ಕಾಡಿನಲ್ಲಿ ಕೊಂಬೆಗಳಿಂದ ಗಡ್ಡದಂತೆ ಜೋತುಬೀಳುವ ಎಳೆಗಳು ಕೂಡ ಕಲ್ಲುಹೂವುಗಳೇ. ಅಡಿಕೆ ಮರದ ಬಿಳಿ ಮಚ್ಚೆಯನ್ನು ರೋಗವೆಂದು ಭಾವಿಸಿ ಕೆರೆದು ತೆಗೆಯುವ ಬೆಳೆಗಾರರು ಇಂದಿಗೂ ಇದ್ದಾರೆ. ಅದು ಮರದ ರಸವನ್ನು ಹೀರುವುದಿಲ್ಲ. ಕುಳಿತುಕೊಳ್ಳಲು ಮರದ ಮೈಯಷ್ಟೇ ಅದಕ್ಕೆ ಬೇಕು.

ಕಲ್ಲುಹೂವು ಒಂದೇ ಜೀವಿಯಲ್ಲ ಎಂಬುದು ಇಲ್ಲಿ ಮುಖ್ಯವಾದ ವಿಷಯ. ಅದರ ಮೈಕಟ್ಟು ಶಿಲೀಂಧ್ರದ್ದು. ಆ ಕಟ್ಟಿನೊಳಗೆ ಹಸಿರು ಪಾಚಿಯೋ, ನಾಸ್ಟಾಕ್‌ನಂಥ ಸಯನೋಬ್ಯಾಕ್ಟೀರಿಯ ಎಂಬ ಸೂಕ್ಷ್ಮಜೀವಿಯೋ ನೆಲೆಸಿ, ಬಿಸಿಲಿನಲ್ಲಿ ಆಹಾರ ತಯಾರಿಸಿ, ಮನೆ ಕೊಟ್ಟವನೊಡನೆ ಹಂಚಿಕೊಳ್ಳುತ್ತದೆ. 1867ರಲ್ಲಿ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡನರ್ ಈ ಮಾತನ್ನು ಮುಂದಿಟ್ಟಾಗ ಆ ಕಾಲದ ಹೆಸರಾಂತ ಲೈಕೆನ್ ತಜ್ಞರೇ ಒಪ್ಪಲಿಲ್ಲ. ವಿರೋಧಿಸಿದವರ ಸಾಲಿನಲ್ಲಿ ವಿಲಿಯಮ್ ನೈಲಾಂಡರ್ ಅವರೂ ಇದ್ದರು. ಅದರ ಹಿಂದಿನ ವರ್ಷವಷ್ಟೇ, 1866ರಲ್ಲಿ, ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದ ಕಲ್ಲುಹೂವುಗಳನ್ನು ಪರಿಶೀಲಿಸಿ, ನಗರದ ಗಾಳಿಯ ಗುಣವನ್ನು ಇವುಗಳಿಂದ ಅಳೆಯಬಹುದು ಎಂದು ಬರೆದವರು ಅವರೇ. ಒಂದು ವಿಷಯದಲ್ಲಿ ಕಾಲಕ್ಕಿಂತ ಮುಂದಿದ್ದವರು ಇನ್ನೊಂದರಲ್ಲಿ ಹೀಗೆ ಹಿಂದುಳಿದದ್ದು ವಿಜ್ಞಾನದ ಚರಿತ್ರೆಯಲ್ಲಿ ಅಪರೂಪವೇನಲ್ಲ.

ತಿನ್ನುವವರ ದೃಷ್ಟಿಯಿಂದ ನೋಡಿದರೆ ಕಲ್ಲುಹೂವಿನಷ್ಟು ಬಡ ಆಹಾರ ಇನ್ನೊಂದಿಲ್ಲ. ಎಲೆಯಂತೆ ಹರಡುವ ಜಾತಿಗಳೇ ವರ್ಷಕ್ಕೆ ಕೆಲವು ಮಿಲಿಮೀಟರ್ ಬೆಳೆದರೆ ಹೆಚ್ಚು. ಕಲ್ಲಿಗೆ ಹೊಪ್ಪಳೆಯಂತೆ ಅಂಟಿಕೊಳ್ಳುವವು ಒಂದು ಮಿಲಿಮೀಟರ್ ಬೆಳೆಯಲೂ ವರ್ಷ ಸಾಲದು. ಅದರಲ್ಲಿ ಸಾರಜನಕ ಕಡಿಮೆ, ಒಣಗಿದಾಗ ಹಪ್ಪಳದಂತೆ ಗಟ್ಟಿ, ಸಾಲದ್ದಕ್ಕೆ ಕಹಿ ಹಾಗೂ ಕಟುವಾದ ಆಮ್ಲಗಳ ದಾಸ್ತಾನು ಬೇರೆ. ಇಂಥದ್ದನ್ನು ತಿಂದು ಬದುಕಬೇಕಾದರೆ ಬಾಯಿಯೂ ಹೊಟ್ಟೆಯೂ ಅದಕ್ಕೆಂದೇ ಹೊಂದಿಕೊಂಡಿರಬೇಕು. ನೆಪಿಟಾ ಸೇರಿರುವ ‘ಲಿತೋಸಿಯಿನಿ’ ಪಂಗಡದ ಹುಳುಗಳ ದವಡೆಯ ಒಳಮಗ್ಗುಲಲ್ಲಿ ಉಬ್ಬಿದ ಒಂದು ಅರೆಯುವ ಭಾಗವಿರುತ್ತದೆ. ಎಲೆ ತಿನ್ನುವ ಕಂಬಳಿಹುಳು ಕತ್ತರಿಯಂತೆ ಎಲೆಯ ಅಂಚನ್ನು ಕತ್ತರಿಸುತ್ತಾ ಹೋದರೆ, ಇದು ಗೋಡೆಯ ಮೈಯನ್ನು ಕೆರೆದು, ಕೆರೆದದ್ದನ್ನು ಬೀಸುವ ಕಲ್ಲಿಗೆ ಹಾಕಿದಂತೆ ಅರೆದು ನುಂಗುತ್ತದೆ. ಈ ಬಾಯಿ ದಾಸವಾಳದ ಎಲೆಗೆ ಹೇಳಿ ಮಾಡಿಸಿದ್ದಲ್ಲ. ಗೋಡೆಯಿಂದ ಇಳಿದ ಹುಳು ಗಿಡದ ಮೇಲೆ ಕಂಡರೆ ಅದು ಪ್ಯೂಪಾ, ಅಂದರೆ ರೆಕ್ಕೆ ಬರುವ ಮೊದಲಿನ ಕೋಶ, ಆಗಲು ಜಾಗ ಹುಡುಕುತ್ತಿದೆ ಎಂದೋ, ಗೋಡೆಯಿಂದ ಜಾರಿ ಬಿದ್ದಿದೆ ಎಂದೋ ತಿಳಿಯಬಹುದು.

ಪ್ರಪಂಚದಲ್ಲಿ ಮೂರು ಸಾವಿರಕ್ಕೂ ಮಿಕ್ಕ ಜಾತಿಗಳಿರುವ ಈ ಪಂಗಡಕ್ಕೆ ಇಂಗ್ಲೆಂಡಿನಲ್ಲಿ ‘ಫುಟ್‌ಮನ್’ ಎಂಬ ಅಡ್ಡಹೆಸರಿದೆ. ಅಲ್ಲಿಯ ಅನೇಕ ಜಾತಿಗಳು ನೀಳವಾದ ರೆಕ್ಕೆಗಳನ್ನು ಮೈಗೆ ಬಿಗಿಯಾಗಿ ಮಡಚಿ, ಸಿರಿವಂತರ ಮನೆಬಾಗಿಲಲ್ಲಿ ಸಮವಸ್ತ್ರ ತೊಟ್ಟು ನೆಟ್ಟಗೆ ನಿಂತ ಸೇವಕನಂತೆ ಕುಳಿತುಕೊಳ್ಳುವುದರಿಂದ ಆ ಹೆಸರು ಬಂತು. ಕನ್ನಡದಲ್ಲಿ ಹೆಸರಿಡುವ ಭಾಗ್ಯ ನಮ್ಮದಾಗಿದ್ದರೆ ಇವು ‘ದಫೇದಾರ ಪತಂಗ’ಗಳಾಗುತ್ತಿದ್ದವೋ ಏನೋ. ನಮ್ಮ ನಾಡಿನ ಜಾತಿಗಳನ್ನು ಕ್ರಮವಾಗಿ ಒಟ್ಟುಗೂಡಿಸಿ ಬರೆದವರು ನೀಲಗಿರಿಯಲ್ಲಿ ಚಹಾ ತೋಟ ನೋಡಿಕೊಳ್ಳುತ್ತಿದ್ದು ಪತಂಗಗಳ ಹುಚ್ಚು ಹಚ್ಚಿಕೊಂಡ ಜಾರ್ಜ್ ಹ್ಯಾಂಪ್ಸನ್. ಬ್ರಿಟಿಷ್ ಭಾರತದ ಪತಂಗಗಳ ಕುರಿತ ಅವರ ನಾಲ್ಕು ಸಂಪುಟಗಳು 1892ರಿಂದ 1896ರವರೆಗೆ ಹೊರಬಂದವು. ಕಲ್ಲುಹೂವು ತಿನ್ನುವ ಈ ಪಂಗಡ 1894ರ ಎರಡನೆಯ ಸಂಪುಟದಲ್ಲಿದೆ. ನೂರಮೂವತ್ತು ವರ್ಷ ಕಳೆದರೂ ನಮ್ಮ ಗೋಡೆಯ ಹುಳುವಿಗೆ ಕನ್ನಡದಲ್ಲಿ ‘ಕಂಬಳಿಹುಳು’ ಎಂಬುದಕ್ಕಿಂತ ಹೆಚ್ಚಿನ ಹೆಸರಿಲ್ಲದಿರುವುದಕ್ಕೆ ಹ್ಯಾಂಪ್ಸನ್ ಕಾರಣರಲ್ಲ.

ಕಲ್ಲುಹೂವು ತಿನ್ನುವುದನ್ನು ಈ ಒಂದು ಪಂಗಡವಷ್ಟೇ ಕಲಿತದ್ದಲ್ಲ. ಬೇರೆ ಕುಟುಂಬಗಳಿಗೆ ಸೇರಿದ ಕೆಲವು ಪತಂಗಗಳ ಮರಿಗಳೂ, ಆಫ್ರಿಕಾದ ಕೆಲವು ಚಿಟ್ಟೆಗಳ ಮರಿಗಳೂ ತಮ್ಮ ತಮ್ಮ ದಾರಿಯಲ್ಲಿ ಇದೇ ಆಹಾರವನ್ನು ಮುಟ್ಟಿವೆ. ಆದರೆ ಪಂಗಡಕ್ಕೆ ಪಂಗಡವೇ ಇದನ್ನು ಬಾಳುವೆಯ ದಾರಿಯಾಗಿಸಿಕೊಂಡದ್ದು ಲಿತೋಸಿಯಿನಿಯಲ್ಲಿ. ಬಡ ಆಹಾರದ ಇನ್ನೊಂದು ಮುಖ ಕಾಣುವುದೂ ಇವುಗಳಲ್ಲೇ. ಕಲ್ಲುಹೂವಿನ ಕಟುವಾದ ರಾಸಾಯನಿಕಗಳು ಹುಳುವಿನ ಮೈಯಲ್ಲಿ ಉಳಿದು, ಪ್ಯೂಪಾದಲ್ಲೂ ಉಳಿದು, ರೆಕ್ಕೆ ಬಂದ ಪತಂಗದವರೆಗೂ ಸಾಗಿಬರುತ್ತವೆ ಎಂಬುದನ್ನು ಯುರೋಪಿನ ಸಂಶೋಧಕರು 1995ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಹಳದಿ ಕಲ್ಲುಹೂವಿಗೆ ಬಣ್ಣ ಕೊಡುವ ಪ್ಯಾರಿಯೆಟಿನ್ ಎಂಬ ವಸ್ತು ಹೀಗೆ ಪತಂಗದ ಮೈಯಲ್ಲಿ ಸಿಕ್ಕಿತು. ಈ ಪಂಗಡದ ಎಷ್ಟೋ ಜಾತಿಗಳು ಕೆಂಪು, ಕಿತ್ತಳೆ, ಹಳದಿಯ ಮೇಲೆ ಕಪ್ಪು ಬರೆ ಎಳೆದುಕೊಂಡು ಹಗಲಿನಲ್ಲೂ ಧೈರ್ಯವಾಗಿ ಕುಳಿತಿರುವುದನ್ನು ನೋಡಿದರೆ, ತಮ್ಮ ರುಚಿ ಚೆನ್ನಾಗಿಲ್ಲ ಎಂದು ಹಕ್ಕಿಗಳಿಗೆ ಮೊದಲೇ ಸಾರಿ ಹೇಳುತ್ತಿವೆಯೇನೋ ಎನ್ನಿಸುತ್ತದೆ. ಇವುಗಳಲ್ಲಿ ಕೆಲವು ಬಾವಲಿಯ ಶ್ರವಣಾತೀತ ಕೂಗನ್ನು ಕೇಳಿಸಿಕೊಂಡು ತಾವೂ ಟಿಕ್ ಟಿಕ್ ಎಂಬ ಸದ್ದು ಹೊರಡಿಸಬಲ್ಲವು, ಅದು ನಮ್ಮ ಕಿವಿಗೆ ಕೇಳದು ಅಷ್ಟೆ.

ಪಶ್ಚಿಮ ಘಟ್ಟದಲ್ಲಿ ಕಾಣಸಿಗುವ ‘ಸಯಾನಾ’ ಎಂಬ ಕುಲದ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಹಾಲುಬಿಳುಪು ರೆಕ್ಕೆಯ ಮೇಲೆ ಕುಂಕುಮದ ಗೆರೆ ಎಳೆದಂತಿರುವ ಈ ಪತಂಗಗಳ ಮರಿಗೂ ಕಲ್ಲುಹೂವೇ ಆಹಾರ. ಪ್ಯೂಪಾ ಆಗುವ ಕಾಲ ಬಂದಾಗ ಈ ಹುಳು ತನ್ನ ಮೈಮೇಲಿನ ಉದ್ದ ಕೂದಲುಗಳನ್ನೇ ತೆಗೆದು, ಅವನ್ನು ರೇಷ್ಮೆ ನೂಲಿನಿಂದ ಒಂದಕ್ಕೊಂದು ಜೋಡಿಸಿ, ಸುತ್ತಲೂ ಜಾಲರಿಯಂಥ ಪಂಜರವನ್ನು ಕಟ್ಟಿಕೊಳ್ಳುತ್ತದೆ. ರೇಷ್ಮೆಹುಳುವಿನ ಗೂಡಿನಂತೆ ಅದು ಮುಚ್ಚಿದ ಗೂಡಲ್ಲ. ಕಣ್ಣುಕಣ್ಣಾದ ತೆರಪುಗಳ ಮೂಲಕ ಒಳಗಿನದೆಲ್ಲ ಕಾಣುತ್ತದೆ, ನಟ್ಟನಡುವೆ ಪ್ಯೂಪಾ ಯಾವ ಗೋಡೆಗೂ ತಾಗದಂತೆ ತೂಗಿಕೊಂಡಿರುತ್ತದೆ. ಇರುವೆಯೋ ಸಣ್ಣ ಕಣಜವೋ ಬಂದರೂ ಪಂಜರದ ಹೊರಗೆ ನಿಂತು ನೋಡಬೇಕೇ ಹೊರತು ಮುಟ್ಟುವುದು ಸುಲಭವಲ್ಲ. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿಯೊಬ್ಬ ತನ್ನ ಮನೆಯ ಬಚ್ಚಲ ಹಿಂದಿನ ಗೋಡೆಯಿಂದ ಇಂಥ ಒಂದು ಗೂಡನ್ನು ಬೆಂಕಿಪೊಟ್ಟಣದಲ್ಲಿಟ್ಟು ತಂದಿದ್ದ. ಆ ವಾರ ನನ್ನ ಪಠ್ಯಕ್ರಮ ಒಂದು ಪುಟವೂ ಮುಂದೆ ಸಾಗಲಿಲ್ಲ.

ಪಠ್ಯದ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಪಿಯುಸಿ ಓದಿದವರಿಗೆಲ್ಲ ಇಂಗ್ಲೆಂಡಿನ ಬಿಳಿ ಮತ್ತು ಕಪ್ಪು ಪತಂಗಗಳ ಕಥೆ ಗೊತ್ತು. ಕಾರ್ಖಾನೆಗಳ ಹೊಗೆಯಿಂದ ಮರಗಳ ಮೇಲಿನ ತಿಳಿಬಣ್ಣದ ಕಲ್ಲುಹೂವು ಸತ್ತು ತೊಗಟೆ ಮಸಿಯಾಯಿತು. ಬಿಳಿಯ ಪತಂಗ ಹಕ್ಕಿಗಳ ಕಣ್ಣಿಗೆ ಬಿದ್ದು ಕಡಿಮೆಯಾಯಿತು. 1848ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲು ದಾಖಲಾದ ಕಪ್ಪು ಬಗೆ ಆ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ಎಲ್ಲೆಡೆ ತುಂಬಿಕೊಂಡಿತು. ಈ ಕಥೆಯಲ್ಲಿ ಕಲ್ಲುಹೂವು ಬರೀ ಹಿನ್ನೆಲೆಯ ಪರದೆ. ಆ ಪತಂಗದ ಮರಿ ತಿನ್ನುವುದು ಬರ್ಚ್, ಓಕ್ ಮುಂತಾದ ಮರಗಳ ಎಲೆಯನ್ನು. ಕಲ್ಲುಹೂವು ಅದಕ್ಕೆ ಅಡಗಿಕೊಳ್ಳುವ ಜಾಗ ಮಾತ್ರ. ಅದೇ ಕಲ್ಲುಹೂವನ್ನು ಊಟವಾಗಿ ನಂಬಿದ್ದ ಫುಟ್‌ಮನ್ ಪತಂಗಗಳ ಗತಿ ಏನಾಯಿತು ಎಂದು ಪಾಠದಲ್ಲಿ ಯಾರೂ ಕೇಳುವುದಿಲ್ಲ, ನಾನೂ ಎಷ್ಟೋ ವರ್ಷ ಕೇಳಿರಲಿಲ್ಲ.

ಕಲ್ಲುಹೂವಿಗೆ ಬೇರಿಲ್ಲ, ಎಲೆಗಳಿಗಿರುವಂತೆ ಮೇಣದ ಹೊದಿಕೆಯೂ ಇಲ್ಲ. ಮಳೆನೀರಿನಲ್ಲಿ, ಇಬ್ಬನಿಯಲ್ಲಿ, ಗಾಳಿಯಲ್ಲಿ ಏನು ಬರುತ್ತದೋ ಅದನ್ನು ಮೈಯಿಂದಲೇ ಹೀರಿಕೊಂಡು ಇಟ್ಟುಕೊಳ್ಳುತ್ತದೆ. ಕಲ್ಲಿದ್ದಲ ಹೊಗೆಯ ಗಂಧಕದ ಡೈಆಕ್ಸೈಡ್ ಹೀಗೆ ಒಳಹೊಕ್ಕು ಅದರೊಳಗಿನ ಪಾಚಿಯ ಹಸಿರನ್ನು ಕೆಡಿಸುತ್ತದೆ. ಲಂಡನ್ನಿನಲ್ಲಿ 1952ರ ಡಿಸೆಂಬರಿನ ಹೊಗೆಮಂಜಿಗೆ ಸಾವಿರಾರು ಜನ ಬಲಿಯಾದ ಮೇಲೆ 1956ರಲ್ಲಿ ಬ್ರಿಟನ್ ಶುದ್ಧ ಗಾಳಿಯ ಕಾಯ್ದೆ ತಂದಿತು. ಮುಂದಿನ ದಶಕಗಳಲ್ಲಿ ಮನೆಗಳಿಗೆ ಕಲ್ಲಿದ್ದಲ ಬದಲು ಅನಿಲ ಬಂತು, ಗಂಧಕದ ಪ್ರಮಾಣ ಇಳಿಯಿತು, ಕಲ್ಲುಹೂವು ಮರಗಳಿಗೆ ಮರಳಿತು, ಅದರ ಹಿಂದೆಯೇ ಪತಂಗಗಳೂ ಬಂದವು. 1968ರಿಂದ ದೀಪದ ಬೋನುಗಳನ್ನಿಟ್ಟು ನಡೆಸಿಕೊಂಡು ಬಂದ ಎಣಿಕೆಯ ಪ್ರಕಾರ ಬ್ರಿಟನ್ನಿನ ದೊಡ್ಡ ಪತಂಗಗಳ ಒಟ್ಟು ಸಂಖ್ಯೆ 2017ರವರೆಗಿನ 50 ವರ್ಷಗಳಲ್ಲಿ ಶೇ 33ರಷ್ಟು ಕುಸಿದಿದೆ. ಅಂಥ ಇಳಿಗಾಲದಲ್ಲಿಯೂ ಹೆಚ್ಚುತ್ತಾ ಹೋದ ಕೆಲವೇ ಗುಂಪುಗಳಲ್ಲಿ ಫುಟ್‌ಮನ್ ಪತಂಗಗಳು ಎದ್ದು ಕಾಣುತ್ತವೆ. ಇದಕ್ಕೆ ಶುದ್ಧ ಗಾಳಿಯೊಂದೇ ಕಾರಣವೆಂದು ಅಲ್ಲಿಯವರೂ ಹೇಳುವುದಿಲ್ಲ. ಏರುತ್ತಿರುವ ಬಿಸಿಯ ಪಾಲೂ ಅದರಲ್ಲಿರಬಹುದು.

ಇಷ್ಟನ್ನು ಓದಿದವರು, ಹಾಗಾದರೆ ನಮ್ಮ ಗೋಡೆಯಲ್ಲಿ ಹುಳು ಇದೆ, ನಮ್ಮ ಗಾಳಿ ಶುದ್ಧ ಎಂದು ಹಿಗ್ಗಬಾರದು ಎಂಬ ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ನೆಪಿಟಾ ಹುಳು ಪಾಚಿಯನ್ನೂ ಕೆರೆದು ತಿನ್ನುವುದರಿಂದ, ಸೂಕ್ಷ್ಮ ಕಲ್ಲುಹೂವುಗಳು ಉಳಿಯದ ಪೇಟೆಯ ಒದ್ದೆ ಗೋಡೆಯಲ್ಲೂ ಅದು ಬದುಕಿಕೊಳ್ಳಬಲ್ಲದು. ಗಾಳಿಯ ಸಾಕ್ಷಿ ಬೇಕಾದರೆ ಹುಳುವನ್ನಲ್ಲ, ಕಲ್ಲುಹೂವನ್ನೇ ಕೇಳಬೇಕು. ಬೆಂಗಳೂರಿನಲ್ಲಿ ಆ ಕೆಲಸ ಆಗಿದೆ: ಲಾಲ್‌ಬಾಗ್ ಹಾಗೂ ನಗರದ ಇತರೆಡೆಗಳ ಕಲ್ಲುಹೂವುಗಳ ಹಂಚಿಕೆಯನ್ನೂ ಅವುಗಳಲ್ಲಿ ಸೇರಿಕೊಂಡ ಭಾರಲೋಹಗಳನ್ನೂ ಕುರಿತ ಅಧ್ಯಯನವೊಂದು 2003ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು, ಮಾಧವ ಗಾಡ್ಗೀಳರು ಅದರ ಲೇಖಕರಲ್ಲಿ ಒಬ್ಬರು. ವಾಹನಗಳ ಹೊಗೆಯಿಂದ ಬಂದು ಕಲ್ಲುಹೂವಿನಲ್ಲಿ ಕುಳಿತ ಲೋಹ ಅದನ್ನು ಕೆರೆದು ತಿನ್ನುವ ಹುಳುವಿನ ಹೊಟ್ಟೆಗೂ ಹೋಗಬೇಕಲ್ಲವೇ? ನಮ್ಮ ಜಿಲ್ಲೆಯ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳು ಎತ್ತಿಕೊಳ್ಳಬಹುದಾದ ಪ್ರಶ್ನೆ ಇದು, ಖರ್ಚೂ ಹೆಚ್ಚಿಲ್ಲ.

ಇನ್ನು ತುರಿಕೆಯ ವಿಚಾರ. ಇದನ್ನು ಮುಚ್ಚಿಟ್ಟು ಹುಳುವಿನ ಪರ ವಾದಿಸುವುದು ಪ್ರಾಮಾಣಿಕವಲ್ಲ. ನೆಪಿಟಾ ಹುಳುವಿನ ಕೂದಲು ತಾಗಿದರೆ ಕೆಲವರಿಗೆ ದದ್ದು ಏಳುತ್ತದೆ, ತುರಿಕೆ ಬರುತ್ತದೆ. ಹಿತ್ತಲ ಗೋಡೆಯ ಬಳಿ ಬಟ್ಟೆ ಒಣಹಾಕುವ ಹೆಂಗಸರೂ ಗೋಡೆ ಹತ್ತುವ ಮಕ್ಕಳೂ ಪಡುವ ಪಾಡು ಸುಳ್ಳಲ್ಲ. ತಾಗಿದ ಜಾಗವನ್ನು ಉಜ್ಜಿದರೆ ಕೂದಲು ಇನ್ನೂ ಒಳಹೊಕ್ಕುತ್ತದೆ. ಸೆಲೋಟೇಪನ್ನು ಮೆಲ್ಲಗೆ ಒತ್ತಿ ಎತ್ತಿದರೆ ಕೂದಲು ಅದಕ್ಕೆ ಅಂಟಿ ಬರುತ್ತದೆ, ಆಮೇಲೆ ಸೋಪು ನೀರಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದರೆ, ಉಸಿರಿಗೆ ತೊಂದರೆಯಾದರೆ ಮನೆಮದ್ದು ನೋಡುತ್ತಾ ಕೂರದೆ ವೈದ್ಯರಲ್ಲಿಗೆ ಹೋಗಬೇಕು. ಆದರೆ ವಿಷ ಹೊಡೆದರೆ ಈ ತುರಿಕೆ ತಪ್ಪುವುದಿಲ್ಲ. ಹುಳು ಸತ್ತರೂ ಕೂದಲು ಸಾಯುವುದಿಲ್ಲ. ಒಣಗಿದ ಹೆಣ ಉದುರಿ, ಕೂದಲು ಗಾಳಿಗೆ ಹಾರಿ, ಒಣಹಾಕಿದ ಬಟ್ಟೆಗೆ ಅಂಟಿ, ಕಾಟ ಇನ್ನಷ್ಟು ದಿನ ಮುಂದುವರಿಯುತ್ತದೆ. ಎರಡು ವರ್ಷದ ಹಿಂದೆ ನಮ್ಮ ಬೀದಿಯಲ್ಲಿ ಹೀಗೇ ಆಯಿತು. ಗೆದ್ದಲಿಗೆ ತಂದಿಟ್ಟ ಯಾವುದೋ ವಿಷವನ್ನು ಉದ್ದಕ್ಕೂ ಜಂಬಿಟ್ಟಿಗೆ ಗೋಡೆಗೆ ಹೊಡೆಸಲಾಯಿತು. ಮರುದಿನ ಗೋಡೆಯ ಬುಡದಲ್ಲಿ ಹುಳುಗಳ ಜೊತೆಗೆ ಜೇಡಗಳೂ ಜೇನುನೊಣಗಳೂ ಸತ್ತು ಬಿದ್ದಿದ್ದವು, ಮಕ್ಕಳ ತುರಿಕೆ ಮಾತ್ರ ಮತ್ತೊಂದು ವಾರ ಇತ್ತು.

ಇದಕ್ಕಿಂತ ಸುಲಭದ ದಾರಿ ಇದೆ. ಶಾಲೆಯ ಗೇಟು, ಬಾವಿಕಟ್ಟೆ, ಬಟ್ಟೆ ಒಣಗಿಸುವ ಜಾಗದ ಆಸುಪಾಸಿನ ಗೋಡೆಯನ್ನು ಮಳೆಗಾಲಕ್ಕೆ ಮುನ್ನ ಒಮ್ಮೆ ತೆಂಗಿನ ಕಡ್ಡಿಪೊರಕೆಯಿಂದ ಉಜ್ಜಿ ಸುಣ್ಣ ಬಳಿದರೆ ಪಾಚಿ ಹಿಡಿಯುವುದು ಕಡಿಮೆಯಾಗುತ್ತದೆ. ಆಹಾರವಿಲ್ಲದ ಕಡೆ ಹುಳು ನಿಲ್ಲುವುದಿಲ್ಲ. ಅಷ್ಟರ ಮೇಲೂ ಬಂದವನ್ನು ಬಾಯಿಗೆ ಬಟ್ಟೆ ಕಟ್ಟಿಕೊಂಡು ನೀರು ಚಿಮುಕಿಸಿ ಉದ್ದಹಿಡಿಯ ಪೊರಕೆಯಿಂದ ಗುಡಿಸಿ ಹಿತ್ತಲಿನ ಮೂಲೆಗೆ ಹಾಕಬಹುದು. ಜನ ಓಡಾಡದ ಹಿಂಬದಿಯ ಗೋಡೆಯನ್ನೂ, ತೋಟದ ಅಗಳಿನ ಕಲ್ಲನ್ನೂ, ಹಳೆಯ ಮರಗಳನ್ನೂ ಮುಟ್ಟದೆ ಬಿಟ್ಟರೆ ಸಾಕು. ಈಚೆಗೆ ಹಳೆಯ ಗುಡಿಗಳನ್ನು ಹೊಸದಾಗಿ ಕಾಣಿಸಬೇಕೆಂದು ಯಂತ್ರದ ನೀರು ಹಾಯಿಸಿ ಕಲ್ಲನ್ನು ತೊಳೆಯುವ ಉತ್ಸಾಹ ಹೆಚ್ಚುತ್ತಿದೆ. ಒಂದು ಗಂಟೆಯಲ್ಲಿ ತೊಳೆದುಹೋಗುವ ಅಂಗೈಯಗಲದ ಕಲ್ಲುಹೂವು ಅಲ್ಲಿ ಬೆಳೆಯಲು ತೆಗೆದುಕೊಂಡದ್ದು ಹತ್ತಾರು ವರ್ಷ ಎಂಬುದನ್ನು ಆ ಕೆಲಸ ಮಾಡಿಸುವವರು ಒಮ್ಮೆ ಲೆಕ್ಕಹಾಕಬೇಕು.

ಕೂದಲಿರುವ ಹುಳುಗಳನ್ನು ಯಾವ ಹಕ್ಕಿಯೂ ಮುಟ್ಟುವುದಿಲ್ಲ, ಆದ್ದರಿಂದ ನಾವೇ ಕೊಲ್ಲಬೇಕು ಎಂಬ ವಾದವನ್ನೂ ಕೇಳಿದ್ದೇನೆ. ಕೋಗಿಲೆಯ ಬಳಗದ ಹಕ್ಕಿಗಳಿಗೆ ಕಂಬಳಿಹುಳು ಅಚ್ಚುಮೆಚ್ಚು. ಮಳೆಹನಿಯನ್ನು ಮಾತ್ರ ಕುಡಿದು ಬದುಕುತ್ತದೆ ಎಂದು ಕವಿಗಳು ಹಾಡಿದ ಚಾತಕ ಪಕ್ಷಿಯೂ ಅದೇ ಬಳಗದ್ದು. ಮುಂಗಾರಿನ ಜೊತೆ ಬರುವ ಅದು ಕಂಬಳಿಹುಳುವನ್ನು ಕೊಕ್ಕಿನಲ್ಲಿ ಹಿಡಿದು, ಒಂದು ತುದಿಯಿಂದ ಇನ್ನೊಂದು ತುದಿಗೆ ಒತ್ತಿ ಒಳಗಿನ ಕರುಳನ್ನು ಹೊರಹಾಕಿ, ಆಮೇಲೆ ನುಂಗುತ್ತದೆ. ಕಾವ್ಯಕ್ಕೆ ಇದು ಒಗ್ಗದಿರಬಹುದು, ಹಕ್ಕಿಗೆ ಒಗ್ಗುತ್ತದೆ.

ತಮ್ಮ ವರದಿಗಾರರಲ್ಲಿ ಒಂದು ವಿನಂತಿ. ಮುಂದಿನ ಬಾರಿ ಇಂಥ ಸುದ್ದಿ ಬರೆಯುವಾಗ ಹುಳು ಹಿಂಡುಗಟ್ಟಿರುವ ಗೋಡೆಯ ಬುಡದಲ್ಲಿರುವ ದಾಸವಾಳದ ನಾಲ್ಕು ಎಲೆಗಳನ್ನು ತಿರುವಿ ನೋಡಲಿ, ಆಮೇಲೆ ಗೋಡೆಯ ಪಾಚಿಯಲ್ಲಿ ಅಲ್ಲಲ್ಲಿ ಕೆರೆದು ಬೋಳಾದ ಜಾಗಗಳಿವೆಯೇ ಎಂದೂ ನೋಡಲಿ. ಎಲೆಯಲ್ಲಿ ಕಚ್ಚಿದ ಗುರುತು ಕಂಡರೆ ಆ ಎಲೆಯನ್ನು ನನಗೆ ಕಳುಹಿಸಿಕೊಡಲಿ. ತಿಂದ ಹುಳು ಯಾವುದು ಎಂದು ನೋಡಿ ತಿಳಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ,
ಸಾಗರ